ಟೀಚರಮ್ಮನ ಕಜ್ಜಾಯ

ಮೊನ್ನೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಾ ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಕಜ್ಜಾಯ ಕರಿಯುತ್ತಿದ್ದರು. ಬೆಲ್ಲದ ಪಾಕದ ವಾಸನೆ ಮೂಗಿಗೆ ಬಡಿದದ್ದೇ ತಡ, ಹೂವು ಅಲ್ಲೇ ಬಿಟ್ಟು ರಸ್ತೆಯ ಆ ಕಡೆಗೆ ದಾಟಿಬಿಟ್ಟೆ. ಬೇರೆಯವರಿಗೆ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಮಾತ್ರ ಐವತ್ತು ವರ್ಷದಿಂದ ನಾಚಿಕೆ ತರಿಸುತ್ತಿದೆ.

ನಮ್ಮ ಚಾಮರಾಜಪೇಟೆಯ ಕ್ರೈಸ್ತ ಸಭೆಯಲ್ಲಿ ಸಂಡೇಸ್ಕೂಲ್ ನಡೆಸುತ್ತಿದ್ದವರನ್ನು ನಾವೆಲ್ಲ ಟೀಚರಮ್ಮ ಅನ್ನುತ್ತಿದ್ದೆವು. ಮಾರ್ಕೆಟ್ ಹಿಂದಿನ ಕೇರಿಯವರು. ಅವರ ತಂದೆ ಚರ್ಮದ ಕೆಲಸ ಮಾಡುತ್ತಿದ್ದರಂತೆ... ದೀಕ್ಷಾಸ್ನಾನ ಆದಮೇಲೆ ಜಾತಿಯಿಲ್ಲ ಅಂತ ವಾರವಾರವೂ ಪಾದ್ರಿಗಳ ಪ್ರಸಂಗ ಕೇಳುತ್ತಿದ್ದ ನಮಗೆ ಅದು ಹೇಗೆ ಅಷ್ಟು ಚೆನ್ನಾಗಿ ಗೊತ್ತಿತ್ತು ಅಂತ ಕೇಳಬೇಡಿ. ತಾತ ದೊಡ್ಡ ಜಾತಿ ಬಿಟ್ಟು ಬಂದವರು ಅಂತ ನಮ್ಮ ಮನೆಯಲ್ಲಂತೂ ದಿನಾ ಹೇಳುತ್ತಿದ್ದರು. ನಿಜವಾಗಿ ಬಿಟ್ಟಿದ್ದರೆ ಅಷ್ಟು ಸಲ ಹೇಳುವುದೇನಿತ್ತು?

ನನಗೆ ಅಕ್ಷರ, ಹಾಡು, ಹೊಲಿಗೆ ಎಲ್ಲ ಕಲಿಸಿದ್ದು ಅವರೇ. ದೊಡ್ಡವಳಾದ ಮೇಲೂ ಸಂಜೆ ಅವರ ಮನೆಗೆ ಹೋಗಿ, ಕೊಟ್ಟದ್ದು ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದೆ. ಅಮ್ಮನಿಗೆ ಹೇಳುತ್ತಿರಲಿಲ್ಲ.

ಸುಗ್ಗಿ ಹಬ್ಬದ ದಿನ, ಜನ ಕಾಣಿಕೆಯಾಗಿ ತಂದದ್ದನ್ನೆಲ್ಲ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುವ ಪದ್ಧತಿ. ತರಕಾರಿ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ. ಹರಾಜು ಹಾಕುತ್ತಿದ್ದವರು ಸಭೆಯ ಹಿರಿಯರಾದ ನಮ್ಮಪ್ಪ. ಟೀಚರಮ್ಮ ಪ್ರತಿವರ್ಷ ಕುಂಬಳಕಾಯಿ ತರುತ್ತಿದ್ದರು. ಹಸಿ ತರಕಾರಿಗೆ ಯಾರ ತಕರಾರೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮಾರನೇ ವರ್ಷ ನನ್ನನ್ನು ಕರೆದು ಹೇಳಿದರು: "ಈ ಸಲ ಕಜ್ಜಾಯ ತರ್ತೀನಿ ಕಣೇ. ನನ್ನ ಕೈಯಡುಗೆ ಇವರು ತಿಂತಾರೋ ಇಲ್ವೋ ಒಂದ್ಸಲ ನೋಡ್ಬಿಡ್ತೀನಿ. ನೀನು ಮೊದಲು ಕೂಗು, ಸಾಕು. ಒಬ್ಬರು ಕೂಗಿದ್ರೆ ಉಳಿದವರೂ ಕೂಗ್ತಾರೆ."

ಹೂಂ ಅಂದೆ. ಅವರ ಕೈ ಹಿಡಿದುಕೊಂಡೇ ಹೂಂ ಅಂದಿದ್ದೆ.

ಹಬ್ಬದ ದಿನ, ನನ್ನನ್ನು ನೋಡಿ ಒಪ್ಪಿದ್ದ ಗಂಡಿನ ಮನೆಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಪ್ಪ ತಟ್ಟೆ ಎತ್ತಿ, "ಟೀಚರಮ್ಮನ ಕಜ್ಜಾಯ, ಯಾರು ಕೂಗ್ತೀರಿ?" ಅಂದರು. ಯಾರೂ ಕೂಗಲಿಲ್ಲ. ಅಂಗಳದಲ್ಲಿದ್ದ ಅರ್ಧ ಜನ ಅವರಿಂದಲೇ ಬೈಬಲ್ ಓದಲು ಕಲಿತವರು... ಒಬ್ಬರು ಮಗುವಿನ ಮೂಗು ಒರೆಸಿದರು, ಇನ್ನೊಬ್ಬರು ಕೊಡೆ ಹುಡುಕಿದರು. ಟೀಚರಮ್ಮ ನನ್ನ ಕಡೆ ನೋಡಿದರು. ನಾನು ಮುಂದಿನ ಸಾಲು ನೋಡಿದೆ, ಆಮೇಲೆ ನೆಲ ನೋಡಿದೆ.

ಕೊನೆಗೆ ಕುರ್ಚಿಯಲ್ಲಿದ್ದ ಬಿಳಿಯ ಪಾದ್ರಿ ದೊರೆ ಕೈಯೆತ್ತಿ, ಯಾರೂ ಎಣಿಸದಷ್ಟು ದೊಡ್ಡ ಬೆಲೆ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಸದ್ಯ, ಸಭೆಯ ಮಾನ ಉಳಿಯಿತು ಅಂತ ಎಲ್ಲರಿಗೂ ನಿರಾಳ. ಟೀಚರಮ್ಮ ಎದ್ದು ಹೋಗಿ ಅಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡರು.

"ದೊರೆಗಳೇ, ಇದನ್ನ ನಿಮ್ಮ ಬಂಗ್ಲೆಗೆ ಮುಂದಿನ ಬಾಗಿಲಿಂದ ತರಲಾ, ಯಾವಾಗ್ಲಿನ ಹಾಗೆ ಹಿಂದಿನ ಬಾಗಿಲಿಂದ್ಲಾ?"

ಆ ಬಂಗಲೆಯ ಮುಂಬಾಗಿಲನ್ನು ನಮ್ಮಪ್ಪ ಕೂಡ ದಾಟಿದವರಲ್ಲ. ಕರಿಯರಿಗೆಲ್ಲ ಹಿಂದಿನದೇ. ದೊರೆಯ ಮುಖ ಕೆಂಪಾಯಿತು. ಟೀಚರಮ್ಮ ತಟ್ಟೆ ಸಮೇತ ಗೇಟಿನ ಕಡೆ ನಡೆದರು. ನನ್ನ ಪಕ್ಕದಲ್ಲೇ ಹೋದರು. ಒಂದು ಮಾತು ಬೈದಿದ್ದರೂ ಎಷ್ಟೋ ಚೆನ್ನಾಗಿರುತ್ತಿತ್ತು...

ಆಮೇಲೆ ಅವರು ಸಭೆಗೆ ಕಾಲಿಡಲಿಲ್ಲ. ಅವರ ಮನಸ್ಸು ತಿರುಗಲಿ ಅಂತ ಕಮಿಟಿಯವರು ಪ್ರಾರ್ಥನೆ ಇಟ್ಟುಕೊಂಡರು. ತಿರುಗಬೇಕಾದದ್ದು ಅವರ ಮನಸ್ಸಂತೆ, ತಮ್ಮದಲ್ಲವಂತೆ! ನಾಲ್ಕು ಜನ ಆ ಮನೆಗೆ ಹೋಗಿ, ಕ್ಷಮಿಸಿ ಅಂದು, ಅವರು ಬಡಿಸಿದ್ದು ತಿಂದು ಬಂದಿದ್ದರೆ ಅದೇ ಪ್ರಾರ್ಥನೆಯಾಗುತ್ತಿತ್ತು. ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಮದುವೆಯಾಗಿ ಮಲ್ಲೇಶ್ವರ ಸೇರಿದೆ. ಎಷ್ಟೋ ವರ್ಷದ ಮೇಲೆ ಧೈರ್ಯ ಮಾಡಿ ಕೇರಿಗೆ ಹೋದಾಗ ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಟೀಚರಮ್ಮ ತೀರಿಹೋಗಿ ಮೂರು ವರ್ಷವಾಯಿತು ಅಂದರು.

ಈ ಭಾನುವಾರ ಸಭೆಯಲ್ಲಿ ಜಾತಿಯ ಅನ್ಯಾಯದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದರು. ಇದನ್ನೆಲ್ಲ ಬಿಡದೆ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಒಬ್ಬಳು ಹುಡುಗಿ ಎದ್ದು, "ಅವರ ಹೆಸರಲ್ಲಿ ಮಕ್ಕಳಿಗೆ ಒಂದು ಬಹುಮಾನ ಇಡೋಣ ಅಜ್ಜಿ. ಅವರ ಹೆಸರೇನು?" ಅಂತ ಕೇಳಿದಳು.

ಹನ್ನೆರಡು ವರ್ಷ ಅವರ ಕೈತುತ್ತು ತಿಂದವಳು ನಾನು. ನನಗೆ ಗೊತ್ತಿರಲಿಲ್ಲ.