ಆಪಾ ತುಂಬಿದ ತತ್ತಿ

ಆಗ ನನಗೆ ಅರವತ್ತನಾಲ್ಕು. ಐದು ವರ್ಷದ ಹಿಂದಿನ ಮಾತು. ಗೋಡೆಯಾಚೆ ಮನೆಯ ಆಪಾ ಬಿಳಿ ದಾರದ ಒಂದು ತುದಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬಲಗೈ ಬೆರಳಿಗೆ ಸುತ್ತಿ, ಕುದಿಸಿ ಸುಲಿದ ತತ್ತಿಯನ್ನು ಎಡಗೈಯಲ್ಲಿ ಹಿಡಿದು ದಾರಕ್ಕೆ ಒತ್ತುತ್ತಿದ್ದಳು. ತತ್ತಿ ಎರಡು ಹೋಳಾಗುತ್ತಿತ್ತು. ಹಳದಿ ಚೂರೂ ಉದುರುತ್ತಿರಲಿಲ್ಲ. ಚಾಕು ಮುಟ್ಟುವವಳಲ್ಲ. ಚಾಕುವಿಗೆ ಅಂಟಿದ ಹಳದಿಯನ್ನು ಚಾಕುವೇ ತಿಂದ ಹಾಗೆ, ತಿನ್ನಲು ಬಂದವರಿಗೆ ಸಿಗುವುದಿಲ್ಲ ಎನ್ನುತ್ತಿದ್ದಳು. ದಾರ ಹಲ್ಲಲ್ಲಿ ಇರುವಾಗ ಮಾತಾಡಲು ಬರುವುದಿಲ್ಲ. ಅವಳು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಆಪಾ ಅಂದರೆ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಶಹಾಬಾದಿನ ನಮ್ಮ ಓಣಿಯಲ್ಲಿ ಅವಳ ಮನೆ, ನನ್ನ ಮನೆ, ನಡುವೆ ಒಂದು ಪರ್ಸಿ ಕಲ್ಲಿನ ಗೋಡೆ. ಅವಳ ಗಂಡನೂ ನನ್ನ ಗಂಡನೂ ಒಂದೇ ಕಲ್ಲಿನ ಗಣಿಯಲ್ಲಿ ದುಡಿದವರು. ಇಬ್ಬರೂ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಹೋದರು, ಅವಳವನು ಮೊದಲು, ನನ್ನವನು ಆಮೇಲೆ. ನನ್ನವನು ಮಲಗಿದಾಗ ನಾನು ಸೋಮವಾರ ಹಿಡಿದೆ. ಸೋಮವಾರ ಒಂದೇ ಹೊತ್ತು ಊಟ. ತತ್ತಿ, ಮಾಂಸ ನಾಲಿಗೆಗೂ ತಾಕಿಸುವುದಿಲ್ಲ ಎಂದು ಹರಕೆ. ಗಂಡ ಉಳಿಯಲಿಲ್ಲ. ಸೋಮವಾರ ಉಳಿಯಿತು.

ಆಪಾನ ಮಗ ಸಿಮೆಂಟಿನ ಲಾರಿ ಓಡಿಸುತ್ತಾನೆ. ಮನೆ ನಡೆಯುತ್ತಿತ್ತು. ಆದರೂ ಆಪಾ ತತ್ತಿ ಬಿಡಲಿಲ್ಲ. ನಿಶ್ಚಯ, ತೊಟ್ಟಿಲು, ಹೊಸ ಮನೆ, ಎಲ್ಲಿ ನಾಲ್ಕು ಜನ ಕೂಡಿದರೂ ಊಟಕ್ಕೆ ಮುಂಚೆ ಅವಳ ತುಂಬಿದ ತತ್ತಿ ಬೇಕು. ವಾಡಿಯಿಂದ ಕರೆ ಬರುತ್ತಿತ್ತು, ಚಿತ್ತಾಪುರದಿಂದ ಬರುತ್ತಿತ್ತು. ಒಮ್ಮೆ ಸೇಡಂವರೆಗೂ ಹೋಗಿದ್ದೆವು. ಬಸ್ಸಿನಲ್ಲಿ ಹೋಳುಗಳು ಮಗುಚಬಾರದೆಂದು ಅಗಲ ತಾಟಿನಲ್ಲಿ ಜೋಳ ಹರವಿ, ಮೇಲೆ ಹಸಿ ಬಟ್ಟೆ ಹಾಸಿ, ಒಂದೊಂದೇ ಹೋಳನ್ನು ಒತ್ತಿ ಕೂರಿಸುತ್ತಿದ್ದಳು. ತಾಟು ಅವಳ ತೊಡೆಯ ಮೇಲೆ. ಕಂಡಕ್ಟರ್ ಒಬ್ಬ ಕೇಳಿದ, "ಏನದ ರೀ ಅಮ್ಮಾ ಅದರಾಗ?"

"ಕೂಸುಗಳು ಮಲಗ್ಯಾವ. ಬಸ್ಸು ಸಾವಕಾಶ ಹೊಡೀಲಿಕ್ಕ ಹೇಳು," ಅಂದಳು.

ಹಳದಿಯನ್ನು ಜಜ್ಜಿ ಅದಕ್ಕೆ ಏನು ಹಾಕುತ್ತಾಳೆ ಎಂದು ಎಲ್ಲರೂ ಕೇಳುತ್ತಿದ್ದರು. ಮುಚ್ಚಿಡುತ್ತಿರಲಿಲ್ಲ. ಹುಳಿ ಪುಂಡಿ ಸೊಪ್ಪನ್ನು ಎಣ್ಣೆಯಲ್ಲಿ ನೀರಾರುವ ತನಕ ಬಾಡಿಸಿ ಹಾಕುವುದು, ಅಗಸೆ ಬೀಜ ಹುರಿದು ಕುಟ್ಟಿದ ಅಗಸಿ ಹಿಂಡಿ ಹಾಕುವುದು, ಮೇಲೆ ಕೆಂಪಗೆ ಹುರಿದ ಒಂದು ಬೆಳ್ಳುಳ್ಳಿ ಚೂರು. "ಹಳದಿ ಅಂದ್ರ ಒಣಗಿದ ಗಂಟಲ ಇದ್ದಂಗ," ಎನ್ನುತ್ತಿದ್ದಳು, "ಹುಳಿ ಬೀಳದ ಮಾತಾಡಂಗಿಲ್ಲ." ಕೇಳಿದವರು ಮನೆಗೆ ಹೋಗಿ ಮಾಡುತ್ತಿದ್ದರು. ಆಗುತ್ತಿರಲಿಲ್ಲ. ಮತ್ತೆ ಬರುತ್ತಿದ್ದರು.

ಅವಳದೊಂದು ಪದ್ಧತಿ. ಒಂದು ತತ್ತಿಯ ಎರಡೂ ಹೋಳನ್ನು ಒಬ್ಬರೇ ತಿನ್ನಬಾರದು. "ಅರ್ಧ ನಿಂದು, ಅರ್ಧ ಬಾಜೂದವರದು." ಕೂಟದಲ್ಲಿ ಎಂಥ ದೊಡ್ಡ ಮನುಷ್ಯನಿಗೂ ಇದನ್ನೇ ಹೇಳುವಳು. ಮನೆಯಲ್ಲಿ ಮೊದಲ ತತ್ತಿಯ ಅರ್ಧ ಅವಳದು, ಅರ್ಧ ನನ್ನದು. ಹೊಸ್ತಿಲ ಮೇಲೆ ಕೂತು ತಿಂದು, ಉಪ್ಪು ಖಾರ ನೋಡಿ, ಆಮೇಲೆ ಉಳಿದದ್ದು ತುಂಬುವುದು.

ಊರೆಲ್ಲ ಮೂಗು ಬಾಯಿ ಕಟ್ಟಿಕೊಂಡು ತಿರುಗಿದ ಆ ವರ್ಷ ಆಪಾಗೂ ಜ್ವರ ಬಂತು. ಉಳಿದಳು. ಎದ್ದ ಮೇಲೆ ಮೊದಲ ಸಲ ತತ್ತಿ ಮಾಡಿ ನನ್ನನ್ನು ಕರೆದಳು. ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು, ಅಷ್ಟು ಖಾರ. ಅವಳು ತನ್ನ ಅರ್ಧವನ್ನು ಅನ್ನ ತಿಂದ ಹಾಗೆ ಅಗಿಯುತ್ತಿದ್ದಳು.

"ನಿನಗ ಖಾರ ಹತ್ತಲಿಲ್ಲೇನು?" ಅಂದೆ.

ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

"ತಂಗೆವ್ವ, ನಾಲಿಗಿ ಮ್ಯಾಲ ಕಲ್ಲಪುಡಿ ಬಿದ್ದಂಗ ಆಗ್ಯದ. ಖಾರಿಲ್ಲ, ಉಪ್ಪಿಲ್ಲ, ಏನೂ ತಿಳೀವಲ್ದು. ಎರಡು ತಿಂಗಳಾಯ್ತು."

"ಡಾಕ್ಟರಿಗಿ ತೋರ್ಸಿದೇನು?"

"ತೋರ್ಸೀನಿ. ಬಂದ್ರ ಬರ್ತದ, ಇಲ್ಲಾಂದ್ರ ಇಲ್ಲ ಅಂದಾನ." ಹತ್ತಿರ ಸರಿದು ಕೂತಳು. ಆಮೇಲೆ ಅಂದಳು, "ಯಾರಿಗೀ ಹೇಳಬ್ಯಾಡ. ನಾಲಿಗಿ ಇಲ್ಲದ ಅಡಿಗಿಯವ್ಳಿಗಿ ಯಾರು ಕರೀತಾರ? ಸೊಸಿಗೂ ಹೇಳಿಲ್ಲ. ತಿಳೀತಂದ್ರ ಕುಂದ್ರು ಮೂಲ್ಯಾಗ ಅಂತಾರ. ನಾ ಕುಂತರ ಏಳಂಗಿಲ್ಲ."

"ನಾ ರುಚಿ ನೋಡಿ ಹೇಳ್ತೀನಿ. ನನಗೇನು ಕೊಡ್ತಿ?"

"ಅರ್ಧ ತತ್ತಿ."

"ಅದು ಮೊದಲೇ ಕೊಡ್ತಿದ್ದಿ."

"ಅದಕ್ಕ ಹೆಚ್ಚು ಕೇಳಬ್ಯಾಡ," ಅಂದಳು.

ಅಂದಿನಿಂದ ಅವಳ ನಾಲಿಗೆ ನಾನು. ಹೊಸ್ತಿಲ ಮೇಲೆ ನಾನು ಅಗಿಯುವುದು, ಅವಳು ನನ್ನ ಮುಖ ನೋಡುವುದು. ಮಾತೇ ಬೇಕಿರಲಿಲ್ಲ. ಹುಬ್ಬು ಏರಿದರೆ ಉಪ್ಪು ಹೆಚ್ಚಾಯಿತು, ಬಾಯಿ ಸೊಟ್ಟಗಾದರೆ ಹುಳಿ ಸಾಲದು. ತನ್ನ ಅರ್ಧವನ್ನೂ ತಿನ್ನುತ್ತಿದ್ದಳು. ರುಚಿ ಇಲ್ಲದ್ದನ್ನು ಯಾಕೆ ತಿನ್ನುತ್ತಿ ಎಂದು ಕೇಳಿದೆ. ಪದ್ಧತಿ ಬಿಡಬಾರದು ಅಂದಳು. ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ರಂಜಾನಿನಲ್ಲಿ ಹಿಂದಿನ ಓಣಿಯ ಮನೆಯವರು ಸಂಜೆ ರೋಜಾದ ಉಪವಾಸ ಬಿಡುವ ಹೊತ್ತಿಗೆ, ಮಗಳಿಗೆ ನಿಶ್ಚಯವಾದ ಗಂಡಿನ ಕಡೆಯವರನ್ನು ಕರೆದರು. ಚಿತ್ತಾಪುರದ ಜನ. ತತ್ತಿ ಆಪಾನದು. ಗಂಡಿನ ಕಡೆಯವರ ಪುರಸೊತ್ತು ನೋಡಿ ದಿನ ಇಟ್ಟರು. ಅದು ಸೋಮವಾರ. ಮಧ್ಯಾಹ್ನ ಹಳದಿ ಕಲಸಿಟ್ಟು ಆಪಾ ಗೋಡೆಯಾಚೆಯಿಂದ ಕೂಗಿದಳು. ಹೋದೆ.

"ನುಂಗಬ್ಯಾಡ. ಜರಾ ನಾಲಿಗಿ ತುದೀಗಿ ಹಚ್ಚಿ ಉಗುಳಿಬಿಡು."

"ಸೋಮವಾರ ಅದ ಆಪಾ."

ಅವಳು ನನ್ನ ಮುಖ ನೋಡಿದಳು. ಆ ಸೋಮವಾರ ಯಾಕೆ ಬಂತು, ಯಾರಿಗಾಗಿ ಬಂತು ಎಲ್ಲವೂ ಅವಳಿಗೆ ಗೊತ್ತು. ನನ್ನ ಗಂಡನ ಕೊನೆಯ ರಾತ್ರಿ ಅವನ ಬೆನ್ನು ತಿಕ್ಕಿದವಳು ಅವಳೇ. ಬೇರೆಯವರ ಕೈಯಲ್ಲಿ ರುಚಿ ನೋಡಿಸಿದರೆ ಗುಟ್ಟು ಒಡೆಯುತ್ತದೆ. ಉಪ್ಪು ಹೆಚ್ಚು ಕಡಿಮೆಯಾದರೆ ಬೀಗರ ಮುಂದೆ ಆ ಮನೆಯ ಮರ್ಯಾದೆ ಹೋಗುತ್ತದೆ, ಅವಳ ಹೆಸರೂ ಹೋಗುತ್ತದೆ. ಇನ್ನೊಂದು ಸಲ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ.

"ನಿನ್ನ ನೇಮ ನಿನಗ, ನನ್ನ ರೋಜಾ ನನಗ. ಹೋಗಿ ಮಲಕೋ," ಅಂದಳು.

ಮಲಗಲಿಲ್ಲ. ಸಂಜೆ ತಾಟಿನ ಹಿಂದೆ ಹೆಣ್ಣಿನ ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆಪಾ ತತ್ತಿಗೆ ಉಪ್ಪೇ ಹಾಕಿರಲಿಲ್ಲ. ತಾಟಿನ ನಡುವೆ ಒಂದು ಬಟ್ಟಲು, ಅದರಲ್ಲಿ ನುಣ್ಣಗೆ ಕುಟ್ಟಿದ ಉಪ್ಪು. ಗಂಡಿನ ತಾಯಿ ಕೇಳಿದಳು, "ಯೇ ಕ್ಯಾ ಜೀ, ಉಪ್ಪು ಬ್ಯಾರೇನೇ ಇಟ್ಟೀರಿ?"

"ನಮ್ಮ ಹಿರ್ಯಾರು ರೋಜಾ ಬಿಡೂದು ಉಪ್ಪಿನ ಚಿಟಿಕೀಲೇ ಅಲ್ರೀ ಅಮ್ಮಾ. ನಿಮ್ಮ ಉಪ್ಪು ನಿಮ್ಮ ಕೈಯಾಗ ಇರ್ಲಿ."

ಮಸೀದಿಯ ಬಾಂಗ್ ಕೇಳಿಸಿತು. ಗಂಡಿನ ಅಜ್ಜ ಮೊದಲು ಒಂದು ಚಿಟಿಕೆ ಉಪ್ಪು ನಾಲಿಗೆಗೆ ಹಚ್ಚಿದ, ಆಮೇಲೆ ತತ್ತಿಯ ಮೇಲೆ ಉದುರಿಸಿ ತಿಂದ. ಇನ್ನರ್ಧವನ್ನು ಹೆಣ್ಣಿನ ತಂದೆಯ ಕೈಗೆ ಕೊಟ್ಟ. ಆಪಾ ನನ್ನ ಕಡೆ ನೋಡಿದಳು. ನಾನು ಆ ಮುದುಕನ ಮುಖ ನೋಡಿ ತಲೆ ಆಡಿಸಿದೆ.

ಆ ಮೇಲೆ ನಾಲ್ಕು ಮನೆಯವರು ಉಪ್ಪು ಬೇರೆ ಇಡಬೇಕು ಎಂದೇ ಹೇಳಿಕಳಿಸಿದರು. "ಹುಚ್ಚ ಮಂದಿ," ಎಂದು ಆಪಾ ಬೈದಳು. ಆದರೆ ಸೋಮವಾರದ ಕರೆ ಮತ್ತೆ ಒಪ್ಪಲಿಲ್ಲ. ಯಾಕೆ ಎಂದು ಕೇಳಿದರೆ, "ಸೋಮವಾರ ನನ್ನ ನಾಲಿಗಿಗಿ ಸೂಟಿ ಅದ," ಎನ್ನುವಳು. ಕೇಳಿದವರು ನಗುತ್ತಿದ್ದರು. ಆ ರಜೆ ಯಾರ ನಾಲಿಗೆಯದೆಂದು ನನಗೊಬ್ಬಳಿಗೆ ಗೊತ್ತು. ನನ್ನ ನೇಮಕ್ಕೆ ನನ್ನ ಮಕ್ಕಳೂ ಅಷ್ಟು ಬೆಲೆ ಕೊಡಲಿಲ್ಲ.

ಈ ಸಲದ ಚಳಿಗೆ ಅವಳ ಎದೆ ಕಟ್ಟಿತು. ಶನಿವಾರ ಗಂಜಿ ಮಾಡಿಕೊಂಡು ಹೋದೆ. ಎರಡು ಚಮಚ ಕುಡಿದಳು.

"ಉಪ್ಪು ಸರಿ ಅದಾ?" ಎಂದು ನನ್ನನ್ನೇ ಕೇಳಿದಳು.

"ಸರಿ ಅದ."

"ನೀ ಅಂದ್ರ ಸರಿ."

ಇನ್ನೆರಡು ಚಮಚ ಕುಡಿದಳು. ಭಾನುವಾರ ಬೆಳಿಗ್ಗೆ ಹೋದಳು. ಸಂಜೆಯೊಳಗೆ ಮಣ್ಣಾಯಿತು. ಅವರಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ನಾನೂ ಓಣಿಯ ತಿರುವಿನ ತನಕ ಹೋಗಿ ನಿಂತೆ. ಅತ್ತೆನೋ ಇಲ್ಲವೋ ನೆನಪಿಲ್ಲ. ಹಿಂದೆ ಬಂದಾಗ ಮರೆತುಹೋದ ಅವಳ ಚಪ್ಪಲಿ ನನ್ನ ಹೊಸ್ತಿಲಲ್ಲೇ ಉಳಿದಿತ್ತು. ಮಗನ ಕೈಗೆ ಕೊಟ್ಟು ಬಂದೆ.

ಸತ್ತ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಯವರು ಊಟ ಕೊಡಬೇಕು. ವಾಡಿ, ಸೇಡಂ, ಚಿತ್ತಾಪುರದಿಂದ ಬಂದ ಜನ ಚಾಪೆಯ ಮೇಲೆ ಕೂತೇ ರಾತ್ರಿ ಕಳೆದಿದ್ದರು. ಒಬ್ಬರೂ ಬಿಡದಂತೆ ಎಲ್ಲರೂ ಅವಳ ಕೈಯ ತತ್ತಿ ತಿಂದವರು.

ಮರುದಿನ ಎದ್ದು ತತ್ತಿ ಕುದಿಸಿದೆ. ನನಗೆ ಮುಂದಿನ ಹಲ್ಲುಗಳಿಲ್ಲ. ದಾರದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಹೋಳು ಮಾಡಿದೆ. ಪುಂಡಿ ಬಾಡಿಸಿದೆ, ಅಗಸಿ ಹಿಂಡಿ ಕಲಸಿದೆ, ಉಪ್ಪು ಹಾಕಿದೆ. ಅಂದು ಸೋಮವಾರ. ಉಪ್ಪನ್ನು ಬೇರೆ ಬಟ್ಟಲಲ್ಲಿ ಇಡಬಹುದಿತ್ತು. ಇಡಲಿಲ್ಲ. ಮೊದಲ ಹೋಳು ತುಂಬಿ, ಹೊಸ್ತಿಲ ಮೇಲೆ ಕೂತು ಬಾಯಿಗೆ ಹಾಕಿಕೊಂಡೆ. ಅಗಿದೆ, ನುಂಗಿದೆ. ಉಪ್ಪು ಸಾಲದು ಅನ್ನಿಸಿತು. ಇನ್ನೊಂದು ಚಿಟಿಕೆ ಹಾಕಿ, ಉಳಿದದ್ದು ತುಂಬಿ, ತಾಟು ಎತ್ತಿಕೊಂಡು ಆಪಾನ ಮನೆಗೆ ಹೋದೆ.