ನಾನೂ ನಕ್ಕ ದಿನ

ಬಾಡಿದ ಹಿಪ್ಪುನೇರಳೆ ಸೊಪ್ಪಿನ ಮಂಕು ವಾಸನೆ, ಅದರೊಳಗೆ ಬೆರೆತ ರೇಷ್ಮೆಹುಳುವಿನ ಹಿಕ್ಕೆಯ ಘಾಟು, ಈಗಲೂ ಎಲ್ಲಾದರೂ ಮೂಗಿಗೆ ತಾಕಿದರೆ ಮಳವಳ್ಳಿ ಕಡೆಯ ನಮ್ಮ ಹಳೆಯ ಮನೆ ಕಣ್ಣೆದುರು ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಕಾಲ ಅದು. ರೇಷ್ಮೆಗೆ ಬೇಡಿಕೆ ಬಂದು ಅಪ್ಪ ನಡುಮನೆಯನ್ನೆಲ್ಲ ಹುಳುವಿಗೇ ಬಿಟ್ಟುಕೊಟ್ಟಿದ್ದ. ಸೂರಿನವರೆಗೂ ಬಿದಿರು ತಟ್ಟೆಗಳು, ಅವುಗಳ ಪಕ್ಕದಲ್ಲೇ ನಮ್ಮ ಚಾಪೆ. ಹುಳುವಿಗೆ ಆಗದೆಂದು ಅವ್ವ ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಆ ವಾಸನೆ ಬಟ್ಟೆಗೆ, ಕೂದಲಿಗೆ ಅಂಟಿಕೊಂಡುಬಿಡುತ್ತದೆ. ನಾನು ಸೀಗೆಕಾಯಿ ಹಾಕಿ ತಿಕ್ಕಿ ತೊಳೆದುಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ತಮ್ಮ ಸಿದ್ದನಿಗೆ ಏಳು ವರ್ಷ. ಅವನಿಗೆ ಅದೆಲ್ಲ ತಿಳಿಯದು.

ಸ್ಕೂಲಿನಲ್ಲಿ ಎಲ್ಲ ಕ್ಲಾಸಿಗೂ ಒಂದೇ ಕೋಣೆ. ಒಂದು ದಿನ ಮೇಷ್ಟ್ರು ಬರುವುದು ತಡವಾಯಿತು. ಪಟೇಲರ ಮನೆಯ ಹುಡುಗ ಸಿದ್ದನನ್ನು ನೆಲಕ್ಕೆ ಕೆಡವಿ, ಮುಂದೆ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಎಸೆದ. "ತೆವಳ್ಲಾ ಉಳಾ, ತಿನ್ನು! ಅಂಗಲ್ಲ ಕಣ್ಲಾ, ಒಟ್ಟೆ ಮೇಲೆ!" ಎಲ್ಲರೂ ನಕ್ಕರು. ಸಿದ್ದ ತೆವಳಿದ, ಅಗಿದ, ತಲೆ ಎತ್ತಿ ನನ್ನನ್ನು ನೋಡಿದ. ಎದ್ದರೆ ನನ್ನ ಜಡೆಯನ್ನೂ ಮೂಸುತ್ತಾರೆಂದು ಹೆದರಿ ನಾನೂ ನಕ್ಕೆ.

ಎದ್ದವಳು ಕುಂಬಾರರ ಚೆಲುವಿ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಸಿದ್ದನ ಮುಂದಿದ್ದ ಸೊಪ್ಪನ್ನು ಎತ್ತಿ ತನ್ನ ಬಾಯಿಗೇ ಹಾಕಿಕೊಂಡು ನಿಧಾನವಾಗಿ ಅಗಿದಳು. "ಸಪ್ಪೆ ಕಣ್ಲಾ. ನಿಮ್ಮನೆಯಿಂದ ವಸಿ ಉಪ್ಪು ತತ್ತೀಯಾ?" ಎಂದು ಪಟೇಲರ ಹುಡುಗನನ್ನು ಕೇಳಿದಳು. ಈಗ ನಗು ಅವನ ಕಡೆಗೆ ತಿರುಗಿತು. "ಓಗಮ್ಮಿ, ನಿಂಗ್ಯಾಕೆ" ಎಂದು ಗೊಣಗಿ ಅವನು ಸರಿದುಹೋದ. ಚೆಲುವಿ ಸಿದ್ದನನ್ನು ಎಬ್ಬಿಸಿ ಮಂಡಿಯ ಮಣ್ಣು ಕೊಡವಿದಳು.

ಸಂಜೆ ಅವ್ವ, "ಬಾಯೆಲ್ಲ ಯಾಕ್ಲಾ ಅಸ್ರಾಗದೆ?" ಎಂದಳು.

"ನಾನೇ ತಿಂದೆ ಕಣವ್ವ. ಉಳ ಅಷ್ಟೊಂದು ತಿಂತವಲ್ಲ, ಎಂಗದೆ ಅಂತ ನೋಡ್ದೆ."

ಹಾಗೆಂದ ಸಿದ್ದ ನನ್ನ ಕಡೆ ತಿರುಗಲಿಲ್ಲ. ಮರುದಿನದಿಂದ ಚೆಲುವಿಯ ಕೈ ಹಿಡಿದು ಸ್ಕೂಲಿಗೆ ಹೋದ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅವನು ದೊಡ್ಡವನಾದ ಮೇಲೂ ನನ್ನನ್ನು ಅಕ್ಕ ಅಂತಲೇ ಕರೆದ, ಹಬ್ಬಕ್ಕೆ ಸೀರೆ ತಂದ, ಆ ದಿನದ ಮಾತು ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಪ್ಪ, ಅವ್ವ ಹೋದರು, ಮನೆ ಹೋಯಿತು, ಕಡೆಗೆ ಸಿದ್ದನೂ ಹೋದ. ಅವನ ತಿಥಿಗೆ ಬಂದ ಚೆಲುವಿಯನ್ನು ಕೇಳಿದೆ: "ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮಿ ನಿಂಗೆ?"

"ಧೈರ್ಯ ಎಲ್ಲಿತ್ತಕ್ಕ, ನಂಗೂ ಎದ್ರಿಕೆನೇ ಆಗಿತ್ತು. ಅವ್ನಕ್ಕ ಇಲ್ಲೇ ಅವ್ಳಲ್ಲ, ಅವ್ಳೇ ಏಳ್ತಾಳೆ ಅಂತ ಕಾದೆ. ನೀನು ಏಳ್ನಿಲ್ಲ. ಇನ್ಯಾರು ಎದ್ದಾರು ಅಂತ ನಾನೇ ಎದ್ದೆ."

ಹಾಗೆ ಎದ್ದು ನಿಲ್ಲುವವರು ಬೇರೆ ಥರದ ಜನ ಎಂದುಕೊಂಡು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅವಳೂ ಹೆದರಿದ್ದಳು, ಹೆದರಿಕೊಂಡೇ ನನಗಾಗಿ ಕಾದಿದ್ದಳು. ಅಷ್ಟೂ ಹೊತ್ತು ಸಿದ್ದನೂ ಕಾದಿದ್ದ.