ಪಟ್ಟಿ ಬರುವ ಮೊದಲೇ ಊರು ಕೇಳುವ ಅರ್ಜಿ

ಇವತ್ತು ಕಡಬದ ಒಂದು ಸೇವಾ ಕೇಂದ್ರದಲ್ಲಿ, ನನ್ನ ಕಣ್ಣೆದುರೇ, ಮಗಳ ಹಾಸ್ಟೆಲ್ ಅರ್ಜಿ ಹಾಕಲು ಬಂದ ಇಚಿಲಂಪಾಡಿಯ ಹೆಂಗಸೊಬ್ಬರನ್ನು ಕಂಪ್ಯೂಟರ್ ಬರಿಗೈಯಲ್ಲಿ ವಾಪಸು ಕಳಿಸಿತು, ಸ್ನೇಹಿತರೇ. ಇವತ್ತೇ ಕೊನೆಯ ದಿನ. ಹಾಸ್ಟೆಲ್ ಸಿಗದಿದ್ದರೆ ಆ ಹುಡುಗಿಗೆ ಪುತ್ತೂರಿನ ಕಾಲೇಜೂ ಇಲ್ಲ.

ಅರ್ಜಿಯ ಪುಟ ಅರ್ಧ ತೆರೆಯುವಷ್ಟರಲ್ಲಿ ನಡುವೆ ಒಂದು ಪೆಟ್ಟಿಗೆ ಬಂದು ನಿಲ್ಲುತ್ತದೆ: 'ನಿಮ್ಮ ಗ್ರಾಮವನ್ನು ಆಯ್ಕೆ ಮಾಡಿಲ್ಲ.' ಆಯ್ಕೆ ಮಾಡಲು ಗ್ರಾಮಗಳ ಪಟ್ಟಿ ಇನ್ನೂ ಬಂದೇ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಇರುವುದು 'ಸರಿ' ಎಂಬ ಒಂದೇ ಗುಂಡಿ. ಒತ್ತಿದರೆ ಪುಟ ಮೊದಲಿನಿಂದ ತೆರೆಯುತ್ತದೆ, ಪೆಟ್ಟಿಗೆ ಮತ್ತೆ ಬರುತ್ತದೆ.

"ಇಚಿಲಂಪಾಡಿ ಅಂತ ಹಾಕಿ ಮಾರಾಯ್ರೆ, ಅದು ಕೇಳುದು ಅಷ್ಟೇ ಅಲ್ವಾ?" ಎಂದರು ಆಕೆ.

"ಹಾಕ್ಲಿಕ್ಕೆ ಜಾಗ ಬೇಕಲ್ಲ ಅಕ್ಕ. ಇದು ಜಾಗ ಕೊಡುವ ಮೊದಲೇ ಬೈತದೆ," ಎಂದರು ಕೌಂಟರಿನವರು.

"ಹಾಗಾದ್ರೆ ಎಂತ ಮಾಡುದು?"

"ಸರಿ ಅಂತ ಒತ್ತುದು. ಬೆಳಿಗ್ಗೆಯಿಂದ ನಾನು ಅದನ್ನೇ ಮಾಡುದು."

ಕಡಬ ಇನ್ನೂ ಪುತ್ತೂರು ತಾಲೂಕಿನಲ್ಲಿದ್ದ ಕಾಲದಲ್ಲಿ ನಾನು ಇಂಥ ಅರ್ಜಿಗಳನ್ನು ಎಷ್ಟೋ ಜನರಿಗೆ ತುಂಬಿಸಿಕೊಟ್ಟಿದ್ದೇನೆ. ಊರಿನ ಹೆಸರಿಗೆ ಒಂದು ಗೆರೆ ಎಳೆದಿರುತ್ತಿತ್ತು. ನಾವು ಬರೆದು ಮುಗಿಸುವವರೆಗೆ ಕಾಗದ ತೆಪ್ಪಗೆ ಕಾಯುತ್ತಿತ್ತು.

ಸಂಜೆ ಐದಕ್ಕೆ ಅರ್ಜಿಯ ಅವಧಿ ಮುಗಿಯಿತು. ಮೆಟ್ಟಿಲಿಳಿಯುವಾಗ ಆಕೆ ನನ್ನನ್ನು ಕೇಳಿದರು, "ನನ್ನಿಂದ ಎಂತ ತಪ್ಪಾಯ್ತು ಅಂತ ಮಗಳಿಗೆ ಹೇಳುದು?"

ಆ ಪ್ರಶ್ನೆಯನ್ನು ಇಲ್ಲಿಗೆ ತಂದಿದ್ದೇನೆ. ಈ ಅರ್ಜಿಯನ್ನು ಮಾಡಿಸಿದ ಇಲಾಖೆಯವರೇ, ಬಿಡುಗಡೆಗೆ ಮುಂಚೆ ಇದನ್ನು ಒಮ್ಮೆಯಾದರೂ ಪೂರ್ತಿ ತುಂಬಿ ನೋಡಿದವರು ಯಾರು? ನಾಲ್ಕು ಜನರ ಎದುರು ಹೇಳಿ, ಆ ತಾಯಿಗೂ ಕೇಳಿಸುವಂತೆ.